ಒಂದು ಚಕ್ರ ಕಡಿಮೆ

ಸೆಪ್ಟೆಂಬರ್ 26, ಮಂಗಳವಾರ

ಇವತ್ತಿನಿಂದ ಬರೆದಿಡುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ. ಬಾಯಿಬಿಟ್ಟು ಬೈದರೆ ಈ ಕಟ್ಟಡ ನೋಡಿಕೊಳ್ಳುವ ಪೋಲ್ದಿಗೆ ಕೆಳಗಿನ ಮೆಟ್ಟಿಲವರೆಗೂ ಕೇಳಿಸುತ್ತದೆ. ಬರೆದು ಬೈದರೆ ಕೇಳಿಸುವುದಿಲ್ಲ, ಅಷ್ಟೇ.

ಬೆಳಿಗ್ಗೆ ಪರವಾನಗಿ ಕಚೇರಿಗೆ ಹೋಗಿದ್ದೆ. ಮೇಜಿನ ಹಿಂದೆ ಅಳತೆಪಟ್ಟಿ ಹಿಡಿದು ಗಡ್ಡ ಕತ್ತರಿಸಿಕೊಂಡಂತಿದ್ದ ಒಬ್ಬ ತರುಣ. ನನ್ನನ್ನು ನೋಡಿದವನೇ ಎದ್ದು ನಿಂತ.

"ಬನ್ನಿ ಮಾಸ್ಟರಮ್ಮ, ಕೂತ್ಕೊಳ್ಳಿ. ಮಾಸ್ಟರ್ ಹೋದ ಸುದ್ದಿ ಕೇಳಿ ತುಂಬಾ ಬೇಜಾರಾಯ್ತು."

"ಅಂಗಡೀನ ನನ್ನ ಹೆಸ್ರಿಗೆ ಮಾಡ್ಕೊಡಪ್ಪ."

"ಹೆಂಡ್ತಿ ನಡೆಸ್ಬೋದು, ಕಾನೂನಲ್ಲೇ ಇದೆ. ಆದ್ರೆ ಗಡಿಯಾರದ ಕಸುಬಲ್ಲಿ ಮಾಸ್ಟರ್ ಪತ್ರ ಇರೋರು ಒಬ್ರು ಜವಾಬ್ದಾರಿ ಹೊತ್ಕೋಬೇಕು. ನಿಮ್ಮತ್ರ ಇಲ್ವಲ್ಲ."

"ಈಗ ತಾನೆ ಮಾಸ್ಟರಮ್ಮ ಅಂದ್ಯಲ್ಲ?"

"ಅದು ಮರ್ಯಾದೆಗೆ ಅಂದಿದ್ದು."

ಮೂವತ್ತೊಂದು ವರ್ಷ ಆ ಅಂಗಡಿಯ ಎರಡನೆಯ ಮೇಜಿನಲ್ಲಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತವಳು ನಾನು. ವಿಯೆನ್ನಾದಲ್ಲಿ ಗಂಡನ ಪದವಿಯನ್ನು ಹೆಂಡತಿಗೆ ಶಾಲಿನ ಹಾಗೆ ಹೊದಿಸುತ್ತಾರೆ. ಚಳಿ ಬಿದ್ದ ದಿನ ಅದನ್ನೇ ಎಳೆದುಕೊಳ್ಳುತ್ತಾರೆ ಎಂದು ಇವತ್ತು ಗೊತ್ತಾಯಿತು.

ಡಿಸೆಂಬರ್ ಕೊನೆಯೊಳಗೆ ಒಂದು ಹೆಸರು ಕೊಡಬೇಕಂತೆ. ಮೈದುನ ಎಗೋನ್ ಆಗಲೇ ತುದಿಗಾಲಲ್ಲಿ ನಿಂತಿದ್ದಾನೆ. ಅವನ ಹತ್ತಿರ ಮಾಸ್ಟರ್ ಪತ್ರ ಇದೆ, ಕಟ್ಟು ಹಾಕಿಸಿದ್ದಾನೆ, ಅದರ ಕೆಳಗೆ ಕೂತು ಇಪ್ಪತ್ತು ವರ್ಷದಿಂದ ಬ್ಯಾಟರಿ ಬದಲಾಯಿಸುತ್ತಾನೆ. ಅವನ ಹೆಸರು ಬಂದರೆ ಜನವರಿಯಿಂದ ನಮ್ಮದೂ ಬ್ಯಾಟರಿ ಅಂಗಡಿ. ಬೋರ್ಡಿನಿಂದ "ಒಟ್ಟೊಕಾರ್ ಪೊಕೊರ್ನಿ, ಗಡಿಯಾರದ ಮಾಸ್ಟರ್" ಇಳಿಯುತ್ತದೆ.

ಇಳಿಯಲು ಬಿಡುವುದಿಲ್ಲ. ಕಚೇರಿಯಿಂದ ನೇರವಾಗಿ ಹೋಗಿ ಮಾಸ್ಟರ್ ಪರೀಕ್ಷೆಗೆ ಅರ್ಜಿ ಹಾಕಿದೆ. ವಯಸ್ಸಿನ ಜಾಗದಲ್ಲಿ ಐವತ್ತೊಂಬತ್ತು ಎಂದು ದೊಡ್ಡದಾಗಿಯೇ ಬರೆದೆ. ತೆಗೆದುಕೊಂಡ ಹೆಂಗಸು ಎರಡು ಸಲ ಓದಿದಳು.

ಅಕ್ಟೋಬರ್ 3, ಮಂಗಳವಾರ

ಪರೀಕ್ಷೆ ಡಿಸೆಂಬರ್ ಹನ್ನೆರಡಕ್ಕೆ. ಬರವಣಿಗೆಯದು ಅದಕ್ಕೆ ಮೊದಲೇ ಬೇರೆ ದಿನ, ಅದರ ಚಿಂತೆ ನನಗಿಲ್ಲ. ದೊಡ್ಡದು ಏನೆಂದರೆ ಸ್ವಂತ ಕೈಯಲ್ಲಿ ಮಾಡಿದ ಒಂದು ಕೆಲಸವನ್ನು ಮೂವರು ಮಾಸ್ಟರುಗಳ ಮುಂದೆ ಇಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು.

ಏನು ಮಾಡಬೇಕೆಂದು ಯೋಚಿಸಲೇ ಇಲ್ಲ. ನನ್ನವರ ಡ್ರಾಯರಿನ ತಳದಲ್ಲಿ ಒಂದು ನಕ್ಷೆ ಇದೆಯೆಂದು ಜೂನ್‌ನಲ್ಲೇ, ಅವರು ಹೋದ ವಾರ ಬಟ್ಟೆಬರೆ ಕಾಗದಪತ್ರ ನೋಡುವಾಗಲೇ ಕಂಡಿತ್ತು. ರೆಗ್ಯುಲೇಟರ್ ಕೈಗಡಿಯಾರ. ನಮ್ಮ ಅಂಗಡಿಯ ಗೋಡೆಯಲ್ಲಿರುವ ಉದ್ದನೆಯ ರೆಗ್ಯುಲೇಟರನ್ನೇ ಮಣಿಕಟ್ಟಿಗೆ ಇಳಿಸಿದ್ದಾರೆ. ನಡುವೆ ನಿಮಿಷದ ಉದ್ದ ಮುಳ್ಳು ಒಂದೇ. ಗಂಟೆಗೆ ಮೇಲುಗಡೆ ಪುಟ್ಟ ಡಯಲಿನ ಬೇರೆ ಮನೆ, ಸೆಕೆಂಡಿಗೆ ಕೆಳಗಡೆ ಇನ್ನೊಂದು. ಯಾರೂ ಯಾರ ಮೇಲೂ ನೆರಳು ಹಾಕುವುದಿಲ್ಲ. ಗಿರಾಕಿಗಳಿಗೆ ಇಂಥದ್ದು ಕಂಡರೆ ತಲೆ ತಿರುಗುತ್ತದೆ, ನಡುವಿನ ಮುಳ್ಳನ್ನು ಗಂಟೆಯದೆಂದುಕೊಂಡು ಟ್ರಾಮ್ ತಪ್ಪಿಸಿಕೊಳ್ಳುತ್ತಾರೆ. ನಮ್ಮ ಕಸುಬಿನವರಿಗೆ ಇದೇ ದೇವರು, ಅಂಗಡಿಯ ಬೇರೆಲ್ಲ ಗಡಿಯಾರಗಳಿಗೆ ಸಮಯ ಹೇಳಿಕೊಡುವುದೇ ಇದು.

ಮೂರು ಮನೆಯೂ ಒಂದೇ ನೇರ ಗೆರೆಯಲ್ಲಿವೆ. ಡೊಂಕು ಅವರಿಗೆ ಆಗುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಚಮಚ ವಾಲಿದ್ದರೂ ಸರಿ ಮಾಡಿಯೇ ಕೂರುತ್ತಿದ್ದರು.

ಒಂದೇ ಒಂದು ವಿಚಿತ್ರ. ನಮ್ಮಲ್ಲಿ ಪದ್ಧತಿ ಎಂದರೆ ಅವರು ಗೆರೆ ಎಳೆಯುವುದು, ನಾನು ಎಣಿಸುವುದು. ಚಕ್ರ, ಹಲ್ಲು, ಸುತ್ತು, ಎಲ್ಲ. ಈ ಒಂದನ್ನು ಮಾತ್ರ ನನ್ನ ಕೈಗೆ ಕೊಡಲೇ ಇಲ್ಲ. ಬಹುಶಃ ನನಗೇ ಮಾಡಿಕೊಡಬೇಕೆಂದಿದ್ದರೇನೋ.

ಅವರ ಗಡಿಯಾರವನ್ನು ಅವರು ಎಳೆದ ಹಾಗೆಯೇ ಮಾಡುತ್ತೇನೆ. ಒಂದು ಗೆರೆ ಆಚೆ ಈಚೆ ಇಲ್ಲ.

ಅಕ್ಟೋಬರ್ 9, ಸೋಮವಾರ

ಒಳಗಿನ ಯಂತ್ರ ನಾವು ಹಿಂದೆಯೇ ಕೊಂಡಿಟ್ಟದ್ದು, ಕೀ ಕೊಟ್ಟು ನಡೆಸುವಂಥದು, ಗಟ್ಟಿಮುಟ್ಟಾಗಿದೆ. ಡಯಲಿನ ಅಡಿಯ ಚಕ್ರಗಳನ್ನು ಮಾತ್ರ ಹೊಸದಾಗಿ ಕಡೆಯಬೇಕು. ಇವತ್ತು ಮೊದಲನೆಯದು ಹಾಳಾಯಿತು. ಎರಡನೆಯದೂ ಹಾಳಾಯಿತು. ಮೂರನೆಯದು ಕೈಗೆ ಬಂತು.

ಮಧ್ಯಾಹ್ನ ಪೋಲ್ದಿ ಹೊಸ ದ್ರಾಕ್ಷಿಯ ಸ್ಟುರ್ಮ್ ಬಾಟಲಿ ಹಿಡಿದುಕೊಂಡು ಬಂದಳು. ಅದು ಇನ್ನೂ ಹುದುಗುತ್ತಿರುವ ವೈನು, ಬಿರಡೆ ಬಿಗಿಯುವ ಹಾಗಿಲ್ಲ, ಅವಳ ಬಾಯಿಯ ಹಾಗೇ.

"ಮಾಸ್ಟರಮ್ಮ, ಪರೀಕ್ಷೆ ಕಟ್ಟಿದೀರಂತೆ? ಬೀದಿಯೆಲ್ಲಾ ಹೇಳ್ತಿದೆ."

"ಬೀದಿಗೆ ಹೇಳಿದ್ದು ಯಾರು?"

"ನಾನೇ. ಸುಳ್ಳಾ?"

"ನಿಜ."

"ಈ ವಯಸ್ಸಲ್ಲಿ ನನಗೆ ಸೂಜಿಗೆ ದಾರ ಪೋಣಿಸಕ್ಕಾಗಲ್ಲ. ಫೇಲಾದ್ರೆ ಏನ್ ಮಾಡ್ತೀರಿ?"

"ನಿನ್ ಜೊತೆ ಮೆಟ್ಲು ಗುಡಿಸ್ತೀನಿ."

"ಅಯ್ಯೋ, ಬೇಡಪ್ಪ! ನೀವು ಒಂದೊಂದು ಮೆಟ್ಲಿಗೂ ಮಸೂರ ಹಾಕ್ಕೊಂಡು ಕೂತ್ರೆ ಕ್ರಿಸ್ಮಸ್ ಆಗೋಗುತ್ತೆ."

ಎರಡು ಲೋಟ ಕುಡಿದೆವು. ಆಮೇಲೆ ಕೆಲಸಕ್ಕೆ ಕೈ ಹಾಕಲಿಲ್ಲ. ಕುಡಿದ ಕೈಯಲ್ಲಿ ಚಕ್ರ ಮುಟ್ಟಬಾರದೆಂಬುದು ನನ್ನವರ ಕಟ್ಟುನಿಟ್ಟು.

ಅಕ್ಟೋಬರ್ 20, ಶುಕ್ರವಾರ

ಎಗೋನ್ ಬಂದಿದ್ದ. ಮಾತಿಗೆ ಮೊದಲು ಜೇಬಿನಿಂದ ಅಳತೆಪಟ್ಟಿ ತೆಗೆದು ಬೀದಿ ಕಡೆಯ ಗಾಜಿನ ಕಿಟಕಿಯ ಅಗಲ ಹಿಡಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ ಅದು.

"ಏನೋ ಅದು?"

"ಸುಮ್ನೆ ಅತ್ತಿಗೆ. ವಾಚ್ ಬೆಲ್ಟಿನ ಸ್ಟ್ಯಾಂಡು ಎಷ್ಟು ಹಿಡಿಯುತ್ತೆ ಅಂತ."

"ನನ್ನ ಪರೀಕ್ಷೆ ಆಗೋವರ್ಗೂ ಆ ಪಟ್ಟಿ ಜೇಬಲ್ಲೇ ಇರ್ಲಿ."

"ಅತ್ತಿಗೆ, ಕೋಪ ಮಾಡ್ಕೋಬೇಡಿ. ಅಣ್ಣ ಇದ್ದಾಗ ನೀವು ಒಳ್ಳೆ ಸಹಾಯ ಮಾಡಿದೀರಿ. ಆದ್ರೆ ಸಹಾಯ ಮಾಡೋದು ಬೇರೆ, ಮಾಸ್ಟರ್ ಆಗೋದು ಬೇರೆ. ಆ ಮೂರು ಜನ ಮುದುಕ್ರು ನಿಮ್ಮನ್ನ ಅಳಿಸಿ ಕಳಿಸ್ತಾರೆ. ನಾನು ರುಜು ಹಾಕ್ತೀನಿ, ನೀವು ಗಲ್ಲಾದಲ್ಲಿ ಆರಾಮಾಗಿ ಕೂತ್ಕೊಳ್ಳಿ."

"ಗಲ್ಲಾದಲ್ಲಿ ನೀನು ಕೂತ್ಕೋ. ನಾನು ಬೆಂಚಲ್ಲಿ ಕೂತ್ಕೋತೀನಿ."

"ಹೋಗ್ಲಿ, ಏನ್ ಮಾಡ್ತಿದೀರಿ ಪರೀಕ್ಷೆಗೆ?"

"ನಿಮ್ಮಣ್ಣನ ರೆಗ್ಯುಲೇಟರ್."

ಅವನು ಅಳತೆಪಟ್ಟಿಯನ್ನು ಜೇಬಿಗೆ ಹಾಕಿಕೊಂಡ. ಅಣ್ಣನ ಹೆಸರು ಬಂದರೆ ಇವನಿಗೆ ಈಗಲೂ ಚಡ್ಡಿ ಹಾಕುವ ಕಾಲದ ಹೆದರಿಕೆ. ಅದೊಂದು ಗುಣ ಇವನಲ್ಲಿ ನನಗೆ ಹಿಡಿಸುತ್ತದೆ.

ಅಕ್ಟೋಬರ್ 26

ರಾಷ್ಟ್ರೀಯ ರಜೆ. ಕೆಲಸ ಮಾಡಿದೆ.

ನವೆಂಬರ್ 1, ಬುಧವಾರ

ಸಕಲ ಸಂತರ ದಿನ. ಊರಿಗೆ ಊರೇ ಸ್ಮಶಾನದಲ್ಲಿ. ನಾನೂ ಸೇವಂತಿಗೆ ಕುಂಡ, ಕೆಂಪು ಗಾಜಿನ ದೀಪ ತೆಗೆದುಕೊಂಡು ಹೋದೆ. ಎಗೋನ್ ಮತ್ತವನ ಹೆಂಡತಿ ಬಂದಿದ್ದರು, ಹೆಣೆದ ಸಿಹಿ ಬ್ರೆಡ್ಡನ್ನು ನನ್ನ ಕೈಗಿಟ್ಟರು. ಎಗೋನ್ ಅತ್ತ. ನನಗೆ ಅಳು ಬರಲಿಲ್ಲ. ಜೂನ್‌ನಲ್ಲೂ ಬಂದಿರಲಿಲ್ಲ. ಜನ ನನ್ನ ಮುಖವನ್ನೇ ನೋಡುತ್ತಿದ್ದರು. ನೋಡಿಕೊಳ್ಳಲಿ.

ಕಲ್ಲಿನ ಹತ್ತಿರ ಬಗ್ಗಿ, ಇನ್ನು ಒಂದು ವಾರ, ನಿಮ್ಮ ಗಡಿಯಾರ ನಡೆಯುತ್ತದೆ ಎಂದು ಹೇಳಿ ಬಂದೆ.

ನವೆಂಬರ್ 9, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಜೋಡಿಸಿ ಮುಗಿಸಿದೆ. ಕೀ ಕೊಟ್ಟೆ. ನಡೆಯಿತು.

ಗಂಟೆಯ ಮುಳ್ಳು ಹಿಂದಕ್ಕೆ ಹೋಗುತ್ತಿದೆ.

ನವೆಂಬರ್ 10, ಶುಕ್ರವಾರ

ನಾನೇ ಏನೋ ಎಡವಿದ್ದೇನೆ ಎಂದು ಎಲ್ಲ ಬಿಚ್ಚಿದೆ. ನಕ್ಷೆ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಹೋಲಿಸಿದೆ. ಹಲ್ಲು ಸರಿ. ಅಳತೆ ಸರಿ. ಮತ್ತೆ ಜೋಡಿಸಿದೆ. ನಿಮಿಷ ಮುಂದಕ್ಕೆ, ಸೆಕೆಂಡು ಮುಂದಕ್ಕೆ, ಗಂಟೆ ಮಾತ್ರ ಹನ್ನೆರಡರಿಂದ ಹನ್ನೊಂದಕ್ಕೆ, ಹನ್ನೊಂದರಿಂದ ಹತ್ತಕ್ಕೆ, ಏನೂ ಆಗದವರ ಹಾಗೆ.

ಪೋಲ್ದಿ ಕಾಗದ ಕೊಡಲು ಬಂದವಳು ಹಿಂದೆ ನಿಂತು ನೋಡಿದಳು.

"ಇದು ಹಿಂದಕ್ಕೆ ಓಡ್ತಿದೆಯಲ್ಲಾ."

"ಕಣ್ಣಿದೆ ನನಗೆ."

"ಹಂಗೇ ಮಾಡ್ಬೇಕಿತ್ತಾ?"

"ಪೋಲ್ದಿ, ಹೋಗು ಇಲ್ಲಿಂದ."

ಹೋದಳು. ಹತ್ತು ನಿಮಿಷಕ್ಕೆ ಪ್ಲಮ್ ಜಾಮಿನ ಶೀಶೆಗಳ ನಾಲ್ಕು ಮುಚ್ಚಳ ತಂದು ಮೇಜಿನ ಮೇಲೆ ಅಂಚಿಗೆ ಅಂಚು ತಾಗಿಸಿ ಇಟ್ಟಳು. ಅಂಚಿನಲ್ಲೆಲ್ಲ ಗೀರುಗಳಿವೆ, ಒಂದು ತಿರುಗಿಸಿದರೆ ಇನ್ನೊಂದು ತಿರುಗುತ್ತದೆ. "ನಂಗೆ ಗಡಿಯಾರ ಗೊತ್ತಿಲ್ಲ. ಮುಚ್ಚಳ ಗೊತ್ತು. ಒಂದನ್ನ ಬಲಕ್ಕೆ ತಿರುಗ್ಸಿ," ಎಂದಳು.

ಮೊದಲನೆಯದು ಬಲಕ್ಕೆ. ಎರಡನೆಯದು ಎಡಕ್ಕೆ. ಮೂರನೆಯದು ಬಲಕ್ಕೆ. ನಾಲ್ಕನೆಯದು ಎಡಕ್ಕೆ.

ನಕ್ಷೆಯಲ್ಲಿರುವುದು ನಾಲ್ಕು ಚಕ್ರ. ನಾಲ್ಕನೆಯದರ ಮೇಲೆ ಗಂಟೆಯ ಮುಳ್ಳು.

"ಇದನ್ನ ಯಾರತ್ರಾನೂ ಆಡ್ಬೇಡ," ಎಂದೆ. ಕಸುಬಿಗೆ ಸೇರಿದ ಮೊದಲ ವರ್ಷದ ಹುಡುಗ ಮಾಡುವ ತಪ್ಪು ಇದು. ಅದನ್ನು ಮಾಡಿದವನನ್ನು ಊರೆಲ್ಲ ವರ್ಷಗಟ್ಟಲೆ ಹಿಂದಕ್ಕೆ ನಡೆಯುವ ಏಡಿ ಎಂದು ಕರೆಯುತ್ತಾರೆ.

ನವೆಂಬರ್ 11

ಕಾಯಿಲೆ. ಕೊನೆಗಾಲದ ಮಾತ್ರೆಗಳ ಮಂಪರಿನಲ್ಲಿ ಈ ನಕ್ಷೆ ಎಳೆದಿದ್ದಾರೆ. ಪಾಪ, ಆಗ ಅವರಿಗೆ ಚಮಚ ಹಿಡಿಯುವುದೇ ಕಷ್ಟವಾಗಿತ್ತು. ಇಷ್ಟಕ್ಕೆ ಇದನ್ನು ಮುಗಿಸುತ್ತೇನೆ, ಇನ್ನು ಯೋಚಿಸುವುದಿಲ್ಲ.

ನವೆಂಬರ್ 13, ಸೋಮವಾರ

ಯೋಚಿಸಿದೆ.

ನಕ್ಷೆಯ ಮೂಲೆಯಲ್ಲಿ ತಾರೀಕು ಇದೆ. ಇಷ್ಟು ದಿನ ನೋಡಿದ್ದೆ, ಓದಿರಲಿಲ್ಲ. ಆರು ವರ್ಷದ ಹಿಂದಿನದು. ಆಗ ಅವರು ಗುಂಡುಕಲ್ಲಿನ ಹಾಗಿದ್ದರು, ಭಾನುವಾರ ಬಂದರೆ ಕಾಲೆನ್‌ಬರ್ಗ್ ಗುಡ್ಡವನ್ನು ಮಾತಾಡುತ್ತಾ ಹತ್ತುತ್ತಿದ್ದರು. ಕಾಯಿಲೆಯಲ್ಲ. ಮಂಪರೂ ಅಲ್ಲ.

ಮಸೂರ ಹಾಕಿ ನೋಡಿದರೆ ನಾಲ್ಕನೆಯ ಚಕ್ರದ ಪಕ್ಕದಲ್ಲಿ ಬಾಣದ ಗುರುತೊಂದನ್ನು ಪೆನ್ಸಿಲಿನಲ್ಲಿ ಬರೆದು ರಬ್ಬರಿನಿಂದ ಉಜ್ಜಿದ್ದಾರೆ. ಬಾಣ ಎಡಕ್ಕೆ ಇದೆ. ಅಂದರೆ ತಪ್ಪು ಅವರಿಗೆ ಕಂಡಿತ್ತು. ಕಂಡು, ಉಜ್ಜಿ, ಮಡಿಸಿ, ಡ್ರಾಯರಿನ ತಳಕ್ಕೆ ಹಾಕಿದ್ದಾರೆ. ನನಗೆ ಎಣಿಸಲು ಕೊಟ್ಟಿದ್ದರೆ ಹತ್ತು ನಿಮಿಷದ ಕೆಲಸ. ಕೊಡಲಿಲ್ಲ. ನಾನು ಎಣಿಸಿ ತಪ್ಪು ಹಿಡಿದುಬಿಟ್ಟೇನು ಎಂದು ಕೊಡಲಿಲ್ಲ.

ಗೋಡೆಯ ರೆಗ್ಯುಲೇಟರನ್ನು ನಾವು ಯಾವತ್ತೂ ಮುಟ್ಟಿ ತಿದ್ದುವುದಿಲ್ಲ. ಅದು ದಿನಕ್ಕೆ ಎಷ್ಟು ತಪ್ಪುತ್ತದೋ ಅಷ್ಟನ್ನು ಪುಸ್ತಕದಲ್ಲಿ ಬರೆಯುತ್ತೇವೆ, ಅಷ್ಟೇ. ಗಡಿಯಾರ ತಪ್ಪುವುದು ದೊಡ್ಡದಲ್ಲ, ತಪ್ಪನ್ನು ಬರೆದಿಡದಿರುವುದು ದೊಡ್ಡದು ಎಂದು ನನಗೆ ಮೊದಲ ದಿನವೇ ಪಾಠ ಹೇಳಿದವರು ಇವರೇ. ಗೋಡೆಯ ಗಡಿಯಾರಕ್ಕೆ ಒಂದು ನ್ಯಾಯ, ಮಾಸ್ಟರಿಗೆ ಇನ್ನೊಂದು.

ಕೋಪ ಬಂತು. ಸತ್ತವರ ಮೇಲೆ ಕೋಪ ಮಾಡಿಕೊಳ್ಳಬಾರದು ಅನ್ನುತ್ತಾರೆ. ಮಾಡಿಕೊಂಡೆ. ಅವರ ಸ್ಟೂಲನ್ನು ಒದ್ದೆ. ಕಾಲು ನೋಯುತ್ತಿದೆ.

ನವೆಂಬರ್ 17, ಶುಕ್ರವಾರ

ಬೇರೆ ದಾರಿಯಿರಲಿಲ್ಲ, ಎಗೋನನಿಗೆ ಹೇಳಿದೆ. ನಕ್ಷೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಬಾಯಲ್ಲಿ ಎಣಿಸುತ್ತಿದ್ದುದು ನನಗೂ ಕೇಳಿಸಿತು. ಕೊನೆಗೆ ಕುರ್ಚಿ ಎಳೆದುಕೊಂಡು ಕೂತ.

"ಅಣ್ಣ ಇಂಥದ್ದು ಮಾಡಲ್ಲ ಅತ್ತಿಗೆ."

"ಮಾಡಿದಾರೆ."

"ಇನ್ನೊಂದು ಚಕ್ರ ಸೇರಿಸಿ. ಐದಾಗುತ್ತೆ, ನೆಟ್ಟಗೆ ಓಡುತ್ತೆ."

"ಜಾಗ ಇಲ್ಲ ಕಣೋ. ಸೇರಿಸಿದ್ರೆ ಗಾಜು ಕೂರಲ್ಲ. ಮೂರು ದಿನದಿಂದ ಅದನ್ನೇ ಮಾಡಿ ನೋಡ್ತಿದೀನಿ."

"ಹಾಗಾದ್ರೆ ಹೊರಗಡೆಯಿಂದ ತಯಾರಾಗಿರೋದನ್ನ ತರಿಸಿ ಹಾಕಿ. ಡಯಲ್ ಅಡೀಲಿ ಯಾರು ನೋಡ್ತಾರೆ?"

"ನಾನು ನೋಡ್ತೀನಿ."

ಅವನು ನಕ್ಷೆ ಮಡಿಸಿಟ್ಟು ಎದ್ದ. ಹೊರಡುವಾಗ ಬಾಗಿಲ ಹತ್ತಿರ ತಿರುಗಿ ನಿಂತ. ಅವನ ದನಿ ಬೇರೆಯಾಗಿತ್ತು. "ಅತ್ತಿಗೆ, ನೀವು ಏನಾದ್ರೂ ಮಾಡಿ. ಪರೀಕ್ಷೆ ಬರೀರಿ, ನಾನು ಅಡ್ಡ ಬರಲ್ಲ. ಆದ್ರೆ ಈ ವಿಷ್ಯ ಹೊರಗೆ ಹೋಗೋದು ಬೇಡ. ಕೇಳಿದ್ರೆ ನಿಮ್ಮ ಕೈ ತಪ್ಪು ಅಂದ್ಬಿಡಿ. ನಿಮಗೇನು, ನಿಮ್ಮನ್ನ ಯಾರೂ ಮಾಸ್ಟರ್ ಅಂದ್ಕೊಂಡಿಲ್ಲ. ಅವನ ಹೆಸ್ರು ಹೋದ್ರೆ ಅವನತ್ರ ಇನ್ನೇನಿದೆ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಅವನು ಹೋದ ಮೇಲೆ ಆ ಮಾತನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದೆ. ನಿಮಗೇನು, ಅಂದನಲ್ಲ. ಕೆಟ್ಟವನಲ್ಲ, ಒಳ್ಳೆಯ ಮನಸ್ಸಿನಿಂದಲೇ ಅಂದ. ಅದಕ್ಕೇ ಹೆಚ್ಚು ಉರಿಯಿತು.

ನವೆಂಬರ್ 24, ಶುಕ್ರವಾರ

ಒಂದು ವಾರ ಏನೂ ಆಗಲಿಲ್ಲ. ಚಕ್ರ ತೆಳ್ಳಗೆ ಮಾಡಿದೆ, ಬಾಗಿತು. ಗಾಜು ಎತ್ತರಿಸಿದೆ, ಗಡಿಯಾರ ಬೋಂಡದ ಹಾಗೆ ಕಂಡಿತು. ಇವತ್ತು ಬೆಳಿಗ್ಗೆ ಕೈಚೆಲ್ಲಿ ಕೂತಿದ್ದಾಗ ಪೋಲ್ದಿ ಬಾಗಿಲು ತಟ್ಟಿದಳು.

"ನನ್ ಮುಚ್ಚಳ ಕೊಡಿ ಮಾಸ್ಟರಮ್ಮ. ಜಾಮಿಗೆ ಬೂಸ್ಟು ಹಿಡೀತಿದೆ."

"ನಾಲ್ಕೂ ತಗೊಂಡ್ಹೋಗು."

"ಒಂದು ಸಾಕು. ಮಿಕ್ಕಿದ್ ಶೀಶೆ ಖಾಲಿ ಮಾಡಾಯ್ತು."

ತುದಿಯದನ್ನು ಎತ್ತಿಕೊಂಡು ಹೋದಳು. ಮೇಜಿನ ಮೇಲೆ ಮೂರು ಉಳಿದವು. ಸುಮ್ಮನೆ ಬೆರಳಿನಿಂದ ಮೊದಲನೆಯದನ್ನು ತಿರುಗಿಸಿದೆ. ಬಲಕ್ಕೆ, ಎಡಕ್ಕೆ, ಬಲಕ್ಕೆ.

ನಾವೆಲ್ಲ ಸೇರಿಸುತ್ತಲೇ ಇದ್ದೆವು. ಅವರೂ, ಎಗೋನನೂ, ನಾನೂ. ಯಾವ ಗಡಿಯಾರದಲ್ಲಾದರೂ ಮೂರನೆಯದು ಗಂಟೆಯ ಚಕ್ರ, ಅದು ನಡುವೆಯೇ ಕೂತಿರುತ್ತದೆ. ಅಲ್ಲಿಂದ ಮೇಲಿನ ಮನೆಗೆ ಗಂಟೆಯನ್ನು ಸಾಗಿಸಲೆಂದು ನಾಲ್ಕನೆಯದು. ಆದರೆ ಮೂರನೆಯದು ನಡುವೆಯೇ ಕೂರಬೇಕೆಂದು ಹೇಳಿದವರಾರು? ಅದಕ್ಕೆ ಬೇಕಾದ್ದು ಎರಡನೆಯದರ ಹಲ್ಲು, ಅಷ್ಟೇ. ಎರಡನೆಯ ಮುಚ್ಚಳದ ಸುತ್ತ ಮೂರನೆಯದನ್ನು ಮೆಲ್ಲಗೆ ಉರುಳಿಸಿದೆ. ನಡುವಿನಿಂದ ಹೊರಗೆ ಬಂತು. ಎಲ್ಲಿ ನಿಲ್ಲಿಸಿದರೂ ಬಲಕ್ಕೇ ತಿರುಗಿತು.

ನಾಲ್ಕನೆಯದೇ ಬೇಡ.

ಒಂದು ತೊಂದರೆಯಿದೆ. ಎರಡನೆಯ ಚಕ್ರದ ಕೀಲನ್ನು ಯಂತ್ರ ಮಾಡಿದವರು ಬಲಗಡೆಗೆ ಇಟ್ಟಿದ್ದಾರೆ, ಅದನ್ನು ಅಲುಗಿಸುವ ಹಾಗಿಲ್ಲ. ಹೀಗಾಗಿ ಗಂಟೆಯ ಮನೆ ಹನ್ನೆರಡರ ನೇರಕ್ಕೆ ಬರುವುದಿಲ್ಲ, ಒಂದರ ಕಡೆಗೆ ವಾಲುತ್ತದೆ. ನೇರ ಗೆರೆ ಹೋಯಿತು. ಅವರು ಇದನ್ನು ಸಹಿಸುತ್ತಿರಲಿಲ್ಲ, ಅದಕ್ಕೇ ಅವರಿಗೆ ಈ ದಾರಿ ಕಾಣಲೇ ಇಲ್ಲ. ನಾನು ಕಾಗದದ ಮೇಲೆ ವೃತ್ತ ಎಳೆದು ದೂರ ಹಿಡಿದು ನೋಡಿದೆ. ಯಾರೋ ತಲೆ ವಾರೆ ಮಾಡಿ ಮಾತು ಕೇಳುತ್ತಿರುವ ಹಾಗಿತ್ತು. ನನಗೆ ಹಿಡಿಸಿತು.

ಹೊಸ ಹಾಳೆ ತೆಗೆದುಕೊಂಡು ಮೊದಲಿಂದ ಎಳೆಯಲು ಕೂತೆ. ಎಣಿಸುವವರು ಯಾರೂ ಇಲ್ಲದ್ದರಿಂದ ನಾನೇ ಎಣಿಸಿದೆ, ಮೂರು ಸಲ.

ನವೆಂಬರ್ 30, ಗುರುವಾರ

ಡಯಲಿಗೆ ಬೆಳ್ಳಿ ಉಜ್ಜಿದೆ. ಉಪ್ಪು, ಬೆಳ್ಳಿಪುಡಿ, ಒದ್ದೆ ಬಟ್ಟೆ, ಮತ್ತೆ ತಾಳ್ಮೆ. ಎರಡು ಸಲ ಕಲೆ ಕೂತಿತು, ಕೆರೆದು ಮತ್ತೆ ಮಾಡಿದೆ. ಬೆಳಗಿನಿಂದ ಬ್ರೆಡ್ಡು ಬೆಣ್ಣೆ ಬಿಟ್ಟು ಬೇರೇನೂ ತಿಂದಿಲ್ಲವೆಂದು ಈಗ ನೆನಪಾಯಿತು. ನನ್ನ ಎರಡನೆಯ ಮೇಜು ಚಿಕ್ಕದಾಯಿತು, ಕಿಟಕಿಯ ಪಕ್ಕದ ಅವರ ದೊಡ್ಡದಕ್ಕೆ ಎಲ್ಲವನ್ನೂ ಸಾಗಿಸಿದೆ. ಬೆಳಕು ಅಲ್ಲಿ ಚೆನ್ನಾಗಿದೆ.

ಡಿಸೆಂಬರ್ 5, ಮಂಗಳವಾರ

ನಡೆಯುತ್ತಿದೆ. ಮೂರೂ ಮುಂದಕ್ಕೆ. ದಿನಕ್ಕೆ ನಾಲ್ಕು ಸೆಕೆಂಡು ಹೆಚ್ಚು ಓಡುತ್ತದೆ. ಮಲಗಿಸಿದರೂ ನಾಲ್ಕು, ನಿಲ್ಲಿಸಿದರೂ ನಾಲ್ಕು, ಕಟ್ಟಿಕೊಂಡು ಮಾರುಕಟ್ಟೆಗೆ ಹೋಗಿ ಬಂದರೂ ನಾಲ್ಕೇ. ಇಷ್ಟು ನಿಯತ್ತಿನ ಗಡಿಯಾರ ನನ್ನ ಕೈಯಿಂದ ಹೊರಬಂದದ್ದು ಇದೇ ಮೊದಲು.

ಬೀದಿಯಲ್ಲಿ ಕ್ರಾಂಪುಸ್ ಭೂತದ ವೇಷದವರು ಕೊಂಬು ಕಟ್ಟಿಕೊಂಡು ಗಂಟೆ ಬಾರಿಸುತ್ತಾ ಹೋದರು. ಒಬ್ಬ ಗಾಜಿಗೆ ಮುಖ ಒತ್ತಿ ನಾಲಿಗೆ ಚಾಚಿದ. ನಾನೂ ಚಾಚಿದೆ.

ಡಿಸೆಂಬರ್ 12, ಮಂಗಳವಾರ

ಎಲ್ಲ ಬರೆಯಬೇಕು, ಮರೆಯುವ ಮೊದಲೇ.

ಉದ್ದನೆಯ ಮೇಜು, ಮೂವರು ಗಂಡಸರು, ನಡುವೆ ಹಾಸ್ಲಿಂಗರ್. ಎಂಬತ್ತರ ಹತ್ತಿರ, ನನ್ನವರ ಜೊತೆ ಕಸುಬು ಕಲಿತವರು, ಅಂತ್ಯಕ್ರಿಯೆಯಲ್ಲಿ ಮಾತಾಡಿದವರೂ ಅವರೇ. ಗಡಿಯಾರವನ್ನು ಕೈಯಿಂದ ಕೈಗೆ ದಾಟಿಸಿದರು. ಹಿಂದಿನ ಮುಚ್ಚಳ ತೆಗೆದರು, ಡಯಲ್ ಎತ್ತಿಸಿದರು, ಮಸೂರ ಹಾಕಿ ನೋಡಿದರು. ಕೇಳಿದ್ದಕ್ಕೆಲ್ಲ ಹೇಳಿದೆ. ಎಡಗಡೆಯವರು ಪಕ್ಕದವರಿಗೆ ತಲೆಯಾಡಿಸಿದ್ದನ್ನು ನೋಡಿದೆ. ಆಯಿತು, ಮುಗಿಯಿತು ಎಂದುಕೊಂಡೆ.

ಆಗ ಹಾಸ್ಲಿಂಗರ್ ಕಣ್ಣೊರೆಸಿಕೊಂಡರು.

"ಒಟ್ಟೊಕಾರನ ಕೈ ಎದ್ದು ಕಾಣ್ತಿದೆ ಇದ್ರಲ್ಲಿ. ಈ ಗಂಟೆ ಮನೆ ವಾಲಿಸಿ, ಒಂದು ಚಕ್ರಾನೇ ಕಳೆದಿರೋದು ನೋಡಿ! ಇದು ಅವನೊಬ್ಬನಿಗೇ ಹೊಳೆಯೋ ಯೋಚನೆ. ಮಾಸ್ಟರಮ್ಮ, ಅವನು ಹಾಕಿಟ್ಟಿದ್ದನ್ನ ನೀವು ನಿಯತ್ತಾಗಿ ಮುಗಿಸಿದೀರಿ. ಇದಕ್ಕಿಂತ ದೊಡ್ಡ ಹೆಂಡ್ತಿ ಧರ್ಮ ಇನ್ನೇನಿದೆ?"

ಉಳಿದಿಬ್ಬರೂ ನಕ್ಕರು, ಒಳ್ಳೆಯ ನಗು. ನಾನು ಹೌದು ಎಂದು ತಲೆ ಬಾಗಿಸಿದ್ದರೆ ಸಾಕಿತ್ತು, ಪತ್ರ ಕೈಯಲ್ಲಿತ್ತು. ಎಗೋನನಿಗೆ ಕೊಟ್ಟ ಮಾತೂ ಉಳಿಯುತ್ತಿತ್ತು. ತಲೆ ಬಾಗಿಸಬೇಕೆಂದೇ ಇದ್ದೆ. ಕತ್ತು ಬಾಗಲಿಲ್ಲ.

"ಇಲ್ಲ ಹಾಸ್ಲಿಂಗರ್ ಅವ್ರೇ," ಎಂದೆ. "ಅವ್ರದ್ದು ಹಿಂದಕ್ಕೆ ಓಡ್ತಿತ್ತು."

ಬಲಗಡೆಯವರು ಕೆಮ್ಮಿದರು.

"ಏನಂದ್ರಿ?"

"ಅವ್ರ ನಕ್ಷೇಲಿ ನಾಲ್ಕು ಚಕ್ರ ಇತ್ತು. ನಾಲ್ಕನೇದು ಎಡಕ್ಕೆ ತಿರುಗುತ್ತೆ. ಮೊದಲು ಹಾಗೇ ಮಾಡಿದ್ದೆ, ಗಂಟೆ ಹಿಂದಕ್ಕೆ ಹೋಯ್ತು. ಇದು ನನ್ನ ನಕ್ಷೆ. ವಾಲಿಸಿದ್ದು ನಾನು, ಕಳೆದಿದ್ದು ನಾನು."

"ಒಟ್ಟೊಕಾರ್ ಪೊಕೊರ್ನಿ ಚಕ್ರ ಎಣಿಸೋದ್ರಲ್ಲಿ ತಪ್ಪಿದ ಅಂತೀರಾ, ಅದೂ ಅವನು ಸತ್ತು ಆರು ತಿಂಗಳಿಗೆ?"

"ಎಣಿಸೋದು ಅವ್ರ ಕೆಲಸವೇ ಆಗಿರ್ಲಿಲ್ಲ. ಮೂವತ್ತೊಂದು ವರ್ಷ ಎಣಿಸಿದ್ದು ನಾನು. ಇದೊಂದನ್ನ ನನಗೆ ಕೊಡ್ಲಿಲ್ಲ, ಅದಕ್ಕೇ ತಪ್ಪಾಯ್ತು."

ಚೀಲದಿಂದ ಎರಡು ನಕ್ಷೆಯನ್ನೂ ತೆಗೆದು ಅಕ್ಕಪಕ್ಕ ಹಾಸಿದೆ. ಯಾಕೆ ಎರಡನ್ನೂ ಇಟ್ಟುಕೊಂಡು ಹೋಗಿದ್ದೆನೋ, ಬೆಳಿಗ್ಗೆ ಹೊರಡುವಾಗ ಯೋಚಿಸಿರಲಿಲ್ಲ. ಹಾಸ್ಲಿಂಗರ್ ಹಳೆಯದರ ಮೇಲೆ ಬೆರಳಿಟ್ಟು ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ಮತ್ತೆ ಮೊದಲಿಂದ ಎಣಿಸಿದರು. ಮುಖ ಕೆಂಪಾಯಿತು.

"ಹೊರಗೆ ಕೂತಿರಿ," ಎಂದರು.

ಮಾಸ್ಟರಮ್ಮ ಎನ್ನಲಿಲ್ಲ. ಹೊರಗೆ ಬೆಂಚಿನ ಮೇಲೆ ಐವತ್ತು ನಿಮಿಷ ಕೂತೆ. ಒಳಗಿನಿಂದ ಜಗಳದ ದನಿ ಬರುತ್ತಿತ್ತು, ಮಾತು ಬಿಡಿಸಲಾಗುತ್ತಿರಲಿಲ್ಲ. ಹೆದರಿದ್ದೆ, ಸುಳ್ಳು ಯಾಕೆ ಬರೆಯಲಿ. ಅಂಗಡಿ ಹೋಯಿತು, ಎಗೋನನ ಬೆಲ್ಟಿನ ಸ್ಟ್ಯಾಂಡು ಬಂತು ಎಂದೇ ಲೆಕ್ಕ ಹಾಕಿದೆ. ಆದರೂ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಬೇಕೆಂದು ಒಂದು ಸಲವೂ ಅನ್ನಿಸಲಿಲ್ಲ.

ಬಾಗಿಲು ತೆಗೆದವರು ಹಾಸ್ಲಿಂಗರೇ. ಗಡಿಯಾರವನ್ನು ನನ್ನ ಅಂಗೈಯಲ್ಲಿ ಇಟ್ಟರು.

"ಪಾಸು," ಎಂದರು. "ನನಗೆ ನಿಮ್ಮ ಮೇಲೆ ಸಿಟ್ಟಿದೆ. ಆದ್ರೆ ಪಾಸು" ಎಂದು ಸೇರಿಸಿ ಒಳಗೆ ಹೋದರು.

ಡಿಸೆಂಬರ್ 14, ಗುರುವಾರ

ಕಚೇರಿಯ ಗಡ್ಡದವನು ನನ್ನ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡ. ಹೆರ್ಮೀನೆ ಪೊಕೊರ್ನಿ. ಅಂಗಡಿ ನನ್ನದು. ಬೋರ್ಡು ಬರೆಯುವವನಿಗೂ ಹೇಳಿ ಬಂದೆ, ಸೋಮವಾರ ಬರುತ್ತಾನೆ.

ಮಧ್ಯಾಹ್ನ ಎಗೋನ್ ಬಂದ. ಕೋಟು ಕೂಡ ಬಿಚ್ಚಲಿಲ್ಲ.

"ಮಾತು ಕೊಟ್ಟಿದ್ರಿ ಅತ್ತಿಗೆ."

"ಕೊಟ್ಟಿದ್ದೆ. ಮುರಿದೆ. ತಪ್ಪು ನಂದೇ."

"ಈಗ ಊರಿನ ಗಡಿಯಾರದೋರಿಗೆಲ್ಲಾ ಗೊತ್ತಾಯ್ತು. ಕಾಫಿ ಹೌಸಲ್ಲಿ ನಗ್ತಿದಾರೆ. ಒಟ್ಟೊಕಾರ್ ಏಡಿ ಅಂತೆ."

"ನಗ್ಲಿ ಬಿಡು. ನೂರಾರು ಗಡಿಯಾರ ನಡೆಸಿದೋರು ಅವ್ರು. ಒಂದು ತಪ್ಪಿಗೆ ಉದುರಿ ಹೋಗೋಷ್ಟು ಬಡವಾ ಅವರ ಹೆಸ್ರು? ನೀನು ಹಾಗೆ ಅಂದ್ಕೊಂಡಿದೀಯ, ಅವ್ರೂ ಹಾಗೇ ಅಂದ್ಕೊಂಡಿದ್ರು. ನಾನು ಅಂದ್ಕೊಂಡಿಲ್ಲ."

ಗಡಿಯಾರ ನೋಡಬಹುದೇ ಎಂದು ಕೇಳಿದ. ಕೊಟ್ಟೆ. ಕಿವಿಗೆ ಹಿಡಿದುಕೊಂಡು ನಿಂತ, ಬಹಳ ಹೊತ್ತು. ವಾಪಸು ಕೊಡುವಾಗ "ಅಣ್ಣ ಇದನ್ನ ನೋಡ್ಬೇಕಿತ್ತು" ಎಂದು ಮೂಗು ಒರೆಸಿಕೊಂಡ.

ಅವನು ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ, ಹಳೆಯ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿಕೊಂಡೆ. ಎಂಥ ಗೆರೆಗಳು, ಕೂದಲಿನಷ್ಟು ತೆಳ್ಳಗೆ, ಎಲ್ಲೂ ಕೈ ನಡುಗಿಲ್ಲ. ಉಜ್ಜಿದ ಜಾಗದಲ್ಲಿ ಮಾತ್ರ ಕಾಗದ ಒರಟಾಗಿದೆ. ಬೆರಳಿಗೆ ಅದು ಸಿಕ್ಕಿದ್ದೇ ತಡ, ಅಳು ಬಂತು. ತಡೆಯಲಿಲ್ಲ. ಪೋಲ್ದಿಗೆ ಕೇಳಿಸಿರಬೇಕು, ಕೇಳಿಸಿಕೊಳ್ಳಲಿ.

ಒಟ್ಟೊಕಾರ್, ನನಗೆ ತೋರಿಸಬಾರದಿತ್ತೇನಯ್ಯಾ? ನಾನು ನಗುತ್ತಿರಲಿಲ್ಲ.

ಸರಿ, ಸ್ವಲ್ಪ ನಗುತ್ತಿದ್ದೆ. ಆಮೇಲೆ ನೀನೂ ನಗುತ್ತಿದ್ದೆ, ಇಬ್ಬರೂ ಕೂತು ಕಾಫಿ ಆರುವುದರೊಳಗೆ ಸರಿ ಮಾಡಿಬಿಡುತ್ತಿದ್ದೆವು.